ಹುಡುಗನಿಗೆ ಬಂದ ‘ಹೆಣ್ಣುಮಕ್ಕಳ ಕಾಯಿಲೆ’

ನನ್ನ ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. ಬೇಸಿಗೆಯ ರಜೆಯಲ್ಲಿ ದಿನವೆಲ್ಲ ಬಿಸಿಲಿನಲ್ಲಿ ಕ್ರಿಕೆಟ್ ಆಡಿ ಬಂದ ಮೇಲೆ ಅವನ ಎರಡು ಕೆನ್ನೆಗಳೂ ಕೆಂಪಾದವು. ಮೂಗಿನ ಮೇಲೂ ಆ ಕೆಂಪು ಹಾದುಹೋಗಿತ್ತು. ಬಿಸಿಲಿನ ಝಳವೆಂದುಕೊಂಡು ಸುಮ್ಮನಾದೆವು. ಆಮೇಲೆ ಬಿಟ್ಟು ಬಿಟ್ಟು ಜ್ವರ, ಬೆರಳ ಗೆಣ್ಣುಗಳಲ್ಲಿ ನೋವು, ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ನನ್ನ ಮಗಳು ಎಲ್ಲೋ ಓದಿ ತಿಳಿದಿದ್ದ ಒಂದು ರೋಗದ ಹೆಸರನ್ನು ವೈದ್ಯರೊಬ್ಬರ ಮುಂದೆ ಅಳುಕುತ್ತಲೇ ಹೇಳಿದಳು. ಅವರು ನಕ್ಕು, “ಅದು ಹೆಣ್ಣುಮಕ್ಕಳ ಕಾಯಿಲೆ ಕಣಮ್ಮ, ಗಂಡುಹುಡುಗನಿಗೆ ಎಲ್ಲಿಂದ ಬರಬೇಕು?” ಎಂದರು. ನಾವೂ ನಿಶ್ಚಿಂತರಾದೆವು. ಐದು ತಿಂಗಳು ಹಾಗೆಯೇ ಕಳೆಯಿತು. ಪಾದಗಳು ಊದಿಕೊಂಡು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿರುವುದು ಕಂಡ ಮೇಲೆ ಇನ್ನೊಬ್ಬ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಮಗಳು ಹೇಳಿದ್ದೇ ನಿಜವಾಗಿತ್ತು.

ಆಸ್ಪತ್ರೆಯ ಮಂಚದ ಮೇಲೆ ಕುಳಿತು ಹುಡುಗ ನನ್ನನ್ನು ಕೇಳಿದ: “ತಾತ, ಇದು ಹುಡುಗೀರಿಗೆ ಬರೋದಂತೆ. ನನಗ್ಯಾಕೆ ಬಂತು?”

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವನು. ವೈದ್ಯಶಾಸ್ತ್ರ ನನಗೆ ತಿಳಿಯದು. ಆದರೆ ಜನ ನಂಬಿಕೊಂಡು ಬಂದ ಒಂದು ಮಾತು ಯಾವಾಗ ಹುಟ್ಟಿತು, ಹೇಗೆ ಬೆಳೆಯಿತು ಎಂದು ಹುಡುಕುವುದು ನನ್ನ ಕಸುಬು. ‘ಹೆಣ್ಣುಮಕ್ಕಳ ಕಾಯಿಲೆ’ ಎಂಬ ಮಾತಿಗೂ ಒಂದು ಇತಿಹಾಸವಿದೆ. ಮೊಮ್ಮಗನಿಗೆ ಉತ್ತರ ಹೇಳಬೇಕೆಂದು ನಾನು ಹುಡುಕಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ರೋಗದ ಪೂರ್ಣ ಹೆಸರು ಸಿಸ್ಟಮಿಕ್ ಲೂಪಸ್ ಎರಿಥಮಟೋಸಸ್. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿ ತಿಂದಂತೆ ಮುಖವನ್ನು ಕೆಡಿಸುವ ಹುಣ್ಣುಗಳಿಗೆಲ್ಲ ಮಧ್ಯಯುಗದ ಯೂರೋಪಿನಲ್ಲಿ ಈ ಹೆಸರಿತ್ತು. ಪ್ಯಾರಿಸ್ಸಿನ ವೈದ್ಯ ಬಿಯೆಟ್ ಅವರು ಇವುಗಳ ನಡುವೆ ಒಂದು ಬಗೆಯ ಕೆಂಪು ಮಚ್ಚೆಯನ್ನು ಬೇರೆಯಾಗಿ ಗುರುತಿಸಿದರು. ಅವರ ಶಿಷ್ಯರಾದ ಕಾಜನಾವ್ 1833ರಲ್ಲಿ ಅದನ್ನು ಪ್ರಕಟಿಸಿ, 1851ರಲ್ಲಿ ಈಗಿನ ಹೆಸರನ್ನಿಟ್ಟರು. ಎಳೆಯ ವಯಸ್ಸಿನವರಿಗೆ, ಅದರಲ್ಲಿಯೂ ಹೆಂಗಸರಿಗೆ, ಇದು ಹೆಚ್ಚಾಗಿ ಬರುತ್ತದೆಂಬ ಮಾತು ಆ ಮೊದಲ ವರ್ಣನೆಯಲ್ಲಿಯೇ ಇದೆ. ಅಂದರೆ ನನ್ನ ಮಗಳಿಗೆ ವೈದ್ಯರು ಹೇಳಿದ ಮಾತಿಗೆ ಸುಮಾರು ಇನ್ನೂರು ವರ್ಷಗಳ ವಯಸ್ಸು!

1840ರ ದಶಕದಲ್ಲಿ ವಿಯೆನ್ನಾದ ಹೆಬ್ರಾ ಅವರು ಕೆನ್ನೆಯಿಂದ ಕೆನ್ನೆಗೆ ಹರಡುವ ಆ ಕೆಂಪನ್ನು ರೆಕ್ಕೆ ಬಿಚ್ಚಿದ ಚಿಟ್ಟೆಗೆ ಹೋಲಿಸಿದರು. 1872ರಲ್ಲಿ ಕಪೋಸಿ ಅವರು ಇದು ಬರಿಯ ಚರ್ಮದ ರೋಗವಲ್ಲ, ಜ್ವರ ಕೀಲುನೋವುಗಳೊಡನೆ ಇಡೀ ದೇಹವನ್ನೇ ಹಿಡಿಯಬಲ್ಲುದು ಎಂದು ತೋರಿಸಿದರು. 1895ರಿಂದ 1904ರ ವರೆಗೆ ಬಾಲ್ಟಿಮೋರಿನಲ್ಲಿ ವಿಲಿಯಂ ಆಸ್ಲರ್ ಅವರು ಒಳಗಿನ ಅಂಗಗಳಿಗೆ ಆಗುವ ಹಾನಿಯನ್ನು ವಿವರಿಸಿದರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕ್ಲೆಂಪೆರರ್ ಮತ್ತು ಸಂಗಡಿಗರು, ಅಂಗಗಳನ್ನು ಬೆಸೆದು ಹಿಡಿದಿಡುವ ಸಂಯೋಜಕ ಅಂಗಾಂಶವೇ ಈ ರೋಗದ ನೆಲೆಯೆಂದು ವಾದಿಸಿದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ರೋಗಿಗಳ ಮಜ್ಜೆಯಲ್ಲಿ ಒಂದು ವಿಚಿತ್ರವನ್ನು ಕಂಡರು. ಬಿಳಿಯ ರಕ್ತಕಣವೊಂದು ಇನ್ನೊಂದು ಕಣದ ಕೇಂದ್ರವನ್ನೇ ನುಂಗಿ ಕುಳಿತಿತ್ತು. ದೇಹವನ್ನು ಕಾಯಬೇಕಾದ ಪಡೆ ದೇಹದ ಮೇಲೆಯೇ ಬಿದ್ದಿದೆ ಎಂಬ ಅರಿವಿಗೆ ಹಾದಿಯಾದ ಸಂಗತಿಯಿದು.

ಆ ಕಾಲದಲ್ಲಿ ಈ ರೋಗ ಎಷ್ಟು ಘೋರವಾಗಿತ್ತೆಂಬುದನ್ನು ಬಾಲ್ಟಿಮೋರಿನಲ್ಲಿ 1955ರಲ್ಲಿ ಪ್ರಕಟವಾದ ಲೆಕ್ಕ ತಿಳಿಸುತ್ತದೆ. ರೋಗ ಗೊತ್ತಾದ ಮೇಲೆ ನಾಲ್ಕು ವರ್ಷ ಬದುಕಿದವರು ಹೆಚ್ಚುಕಡಮೆ ಅರ್ಧ ಜನ ಮಾತ್ರ. ಸಾಹಿತ್ಯಾಸಕ್ತರಿಗೆ ಪರಿಚಿತರಾದ ಅಮೆರಿಕದ ಕತೆಗಾರ್ತಿ ಫ್ಲ್ಯಾನರಿ ಓಕಾನರ್ ಅವರ ಮನೆಯನ್ನು ನೋಡಿ. ಅವರ ತಂದೆ ಇದೇ ಕಾಯಿಲೆಯಿಂದ 1941ರಲ್ಲಿ ತೀರಿಕೊಂಡರು. ಮಗಳಿಗೂ ಇಪ್ಪತ್ತೈದರ ವಯಸ್ಸಿನಲ್ಲಿ ಅದೇ ಬಂತು. ಮೊದಮೊದಲು ಕೀಲುವಾತವೆಂದು ಹೇಳಿ ಆಕೆಯಿಂದ ನಿಜವನ್ನು ಮುಚ್ಚಿಟ್ಟಿದ್ದರು. ಹೊಸದಾಗಿ ಬಂದಿದ್ದ ಹಾರ್ಮೋನು ಔಷಧಿಗಳ ಬಲದಿಂದ ಬದುಕಿ, ಬರೆದು, 1964ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಕಣ್ಣುಮುಚ್ಚಿದರು. ಒಂದೇ ಮನೆಯಲ್ಲಿ ಗಂಡಸಿಗೂ ಬಂತು, ಹೆಂಗಸಿಗೂ ಬಂತು.

ಆದರೂ ಲೆಕ್ಕ ಸುಳ್ಳಲ್ಲ. ಹೆರುವ ವಯಸ್ಸಿನಲ್ಲಿ ಈ ರೋಗ ಹಿಡಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರೇ. ಏಕೆ ಹೀಗೆ? ಹೆಣ್ಣಿನ ದೇಹದ ಹಾರ್ಮೋನುಗಳೇ ಕಾರಣವೆಂದು ಬಹುಕಾಲ ಹೇಳಿದರು. ಅದಕ್ಕೆ ಆಧಾರವೂ ಇತ್ತು. ನ್ಯೂಜಿಲೆಂಡಿನಲ್ಲಿ ಬೆಳೆಸಿದ ಒಂದು ಮಿಶ್ರತಳಿಯ ಇಲಿಗಳಿಗೆ ಲೂಪಸ್ಸಿನಂಥ ರೋಗ ತಾನಾಗಿಯೇ ಬರುತ್ತದೆ; ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಬೇಗ ಸಾಯುತ್ತವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಹೆಣ್ಣಿಲಿಗಳಿಗೆ ಗಂಡುಹಾರ್ಮೋನು ಕೊಟ್ಟು ನೋಡಿದಾಗ ಅವು ಹೆಚ್ಚು ಕಾಲ ಬದುಕಿದವು. ಇಷ್ಟಾದ ಮೇಲೆ ಇನ್ನೇನು ಬೇಕು ಎನಿಸುವುದು ಸಹಜ.

ಈ ವಾದಕ್ಕೆ ತೊಡಕಾಗಿ ಬಂದವರು ಮಕ್ಕಳು. ಲೂಪಸ್ ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಅದು ಬಾಲ್ಯದಲ್ಲಿಯೇ ಶುರುವಾಗುತ್ತದೆ. ಮೈನೆರೆಯುವುದಕ್ಕೆ ಮುಂಚೆ ಹುಡುಗನ ಹಾರ್ಮೋನಿಗೂ ಹುಡುಗಿಯ ಹಾರ್ಮೋನಿಗೂ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಎಲ್ಲಕ್ಕೂ ಹಾರ್ಮೋನೇ ಕಾರಣವಾಗಿದ್ದರೆ ಆ ವಯಸ್ಸಿನಲ್ಲಿ ಇಬ್ಬರಿಗೂ ಸಮಸಮವಾಗಿ ರೋಗ ಬರಬೇಕಿತ್ತು. ಹಾಗಿಲ್ಲ. ಅಂತರ ಕಡಿಮೆಯಾಗುತ್ತದೆ, ಆದರೆ ಅಳಿಯುವುದಿಲ್ಲ. ಒಬ್ಬ ಹುಡುಗನಿಗೆ ಮೂರು ನಾಲ್ಕು ಹುಡುಗಿಯರು ಸಿಗುತ್ತಾರೆ. ಇನ್ನೂ ಎಳೆಯ ಮಕ್ಕಳಲ್ಲಿ, ಒಂದೇ ಒಂದು ಜೀನಿನ ದೋಷದಿಂದ ಬರುವ ಅಪರೂಪದ ಲೂಪಸ್ಸಿನ ಕೆಲವು ಬಗೆಗಳಲ್ಲಿ, ಗಂಡು ಹೆಣ್ಣೆಂಬ ಭೇದವೇ ಕಾಣುವುದಿಲ್ಲ. ಹಾರ್ಮೋನಿನ ಹಿಂದೆ ಇನ್ನೇನೋ ಇದೆ ಎಂಬುದಕ್ಕೆ ಹೀಗೆ ಮಕ್ಕಳೇ ಸಾಕ್ಷಿಯಾದರು.

ಆ ‘ಇನ್ನೇನೋ’ ಎಂಬುದರ ಸುಳಿವು ಸಿಕ್ಕಿದ್ದು ವರ್ಣತಂತುಗಳಲ್ಲಿ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್, ಒಂದು ವೈ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಬರ್ಟ್ರಮ್ ಅವರು ಹೆಣ್ಣುಬೆಕ್ಕಿನ ನರಕೋಶಗಳಲ್ಲಿ ಮಾತ್ರ ಇರುವ ಒಂದು ಕಪ್ಪು ಚುಕ್ಕೆಯನ್ನು ಕಂಡರು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಅವರು ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿಯೂ ಒಂದು ಎಕ್ಸ್ ಮೌನವಾಗುತ್ತದೆಂದು ಪ್ರತಿಪಾದಿಸಿದರು. ಎರಡೂ ಕೆಲಸಮಾಡಿದರೆ ಪಾಲು ಇಮ್ಮಡಿಯಾದೀತೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಆದರೆ ಮೌನ ಪೂರ್ತಿಯಲ್ಲ. ಸೋಂಕಿನ ಸುಳಿವು ಹಿಡಿದು ದೇಹವನ್ನು ಎಚ್ಚರಿಸುವ ಟಿಎಲ್‌ಆರ್7 ಎಂಬ ಜೀನು ಎಕ್ಸ್ ಮೇಲಿದೆ. ಕೆಲವು ರಕ್ತಕೋಶಗಳಲ್ಲಿ ಅದು ಮೌನವನ್ನು ತಪ್ಪಿಸಿಕೊಂಡು ಎರಡೂ ಎಕ್ಸ್‌ಗಳಿಂದ ಕೆಲಸ ಮಾಡುತ್ತದೆಂದು 2018ರಲ್ಲಿ ಫ್ರಾನ್ಸಿನ ಟುಲೂಸಿನ ವಿಜ್ಞಾನಿಗಳು ತೋರಿಸಿದರು. ಕಾವಲುಗಾರನಿಗೆ ಎಚ್ಚರ ಹೆಚ್ಚಾದರೆ ಮನೆಯವರನ್ನೇ ಕಳ್ಳರೆಂದು ಹಿಡಿದಾನು. ಏಳನೆಯ ವಯಸ್ಸಿನಲ್ಲಿ ಲೂಪಸ್ ಕಂಡ ಸ್ಪೇನಿನ ಬಾಲಕಿಯೊಬ್ಬಳಲ್ಲಿ ಇದೇ ಜೀನಿನ ಒಂದು ಬದಲಾವಣೆ ಇದ್ದುದು 2022ರಲ್ಲಿ ಪ್ರಕಟವಾಯಿತು. ಆ ಬದಲಾವಣೆಯನ್ನು ಇಲಿಗಳಲ್ಲಿ ತಂದಾಗ ಅವಕ್ಕೂ ಲೂಪಸ್ ಬಂತು.

2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾಲಯದಿಂದ ಇನ್ನೊಂದು ಸಂಗತಿ ಬಂತು. ಎಕ್ಸ್ ಅನ್ನು ಮೌನಗೊಳಿಸಲು ಹೆಣ್ಣಿನ ಕೋಶ ಹೊರಡಿಸುವ ಎಕ್ಸಿಸ್ಟ್ ಎಂಬ ಅಣು, ತನಗೆ ಅಂಟಿಕೊಂಡ ಪ್ರೋಟೀನುಗಳೊಡನೆ ಸೇರಿ, ರಕ್ಷಣಾಪಡೆಯನ್ನು ಕೆರಳಿಸಬಲ್ಲುದಂತೆ. ಗಂಡಿಲಿಗಳಲ್ಲಿ ಅದನ್ನು ಹುಟ್ಟಿಸಿ ರೋಗಕ್ಕೆ ಪ್ರಚೋದನೆ ಕೊಟ್ಟಾಗ, ಅವುಗಳ ರೋಗ ಹೆಣ್ಣಿಲಿಗಳ ರೋಗದ ಮಟ್ಟಕ್ಕೆ ಬಂತು. ಮನುಷ್ಯರಲ್ಲಿಯೂ ಇದಕ್ಕೆ ಹೊಂದುವ ನಿದರ್ಶನವಿದೆ. ಎರಡು ಎಕ್ಸ್‌ಗಳೊಡನೆ ಹುಟ್ಟುವ ಗಂಡಸರು ಅಪರೂಪಕ್ಕೆ ಇರುತ್ತಾರೆ. ಇತರ ಗಂಡಸರಿಗಿಂತ ಅವರಿಗೆ ಲೂಪಸ್ ಬರುವ ಸಂಭವ ಸುಮಾರು ಹದಿನಾಲ್ಕು ಪಟ್ಟು ಹೆಚ್ಚೆಂದು 2008ರ ಒಂದು ಅಧ್ಯಯನ ಹೇಳಿತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಬಹಳ ಸರಳವಾದ ಮಾತು. ಹೆಣ್ಣಾಗಿ ಹುಟ್ಟುವುದು ಈ ರೋಗಕ್ಕೆ ಒಂದು ಅನುಕೂಲ ಮಾತ್ರ, ಅದೇ ರೋಗವಲ್ಲ. ಉಳಿದ ಜೀನುಗಳು, ಬಿಸಿಲು, ಸೋಂಕು ಎಲ್ಲ ಕೂಡಿಬಂದರೆ ಹುಡುಗನ ಒಂದೇ ಎಕ್ಸ್ ಕೂಡ ಅಡ್ಡಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಎಂಬುದು ಊರಿನ ಲೆಕ್ಕ. ವೈದ್ಯರ ಮುಂದೆ ಕುಳಿತಿರುವುದು ಊರಲ್ಲ, ಒಬ್ಬ ಹುಡುಗ.

ಈ ಮಾತಿನಿಂದ ಪೆಟ್ಟು ತಿನ್ನುವವರು ಹುಡುಗರಷ್ಟೇ ಅಲ್ಲ. ನನ್ನ ಮೊಮ್ಮಗನ ಪಕ್ಕದ ಮಂಚದಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ಕೈಕಾಲು ನೋವನ್ನು ಮನೆಯವರು ಒಂದು ವರ್ಷ “ವಯಸ್ಸಿಗೆ ಬಂದಿದ್ದಾಳೆ, ಕೆಲಸ ತಪ್ಪಿಸಿಕೊಳ್ಳೋ ನೆವ” ಎಂದು ತಳ್ಳಿಹಾಕಿದ್ದರು. ಈಗ ಮಾತ್ರೆಯ ಡಬ್ಬಿಯನ್ನು ಯಾರಾದರೂ ಬಂದರೆ ತಾಯಿ ಸೆರಗಿನಲ್ಲಿ ಮುಚ್ಚಿಡುತ್ತಿದ್ದರು. ನಾಳೆ ಗಂಡು ಸಿಗಬೇಕಲ್ಲ! ಹುಡುಗನ ರೋಗ ‘ಬರಲಾರದ್ದು’ ಎಂದು ಕಾಣದೆ ಹೋಯಿತು; ಹುಡುಗಿಯ ನೋವು ‘ಇದ್ದದ್ದೇ’ ಎಂದು ಕಾಣದೆ ಹೋಯಿತು. ಮಾತು ಒಂದೇ, ಕತ್ತರಿಸಿದ್ದು ಎರಡು ಕಡೆ.

ಮೊಮ್ಮಗ ಈಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಮೂಲದಲ್ಲಿ ಮಲೇರಿಯಾಕ್ಕೆಂದು ತಯಾರಾದ ಒಂದು ಮಾತ್ರೆಯನ್ನು ದಿನವೂ ನುಂಗುತ್ತಾನೆ, ಬಿಸಿಲಿಗೆ ಟೋಪಿಯಿಲ್ಲದೆ ಹೊರಡುವುದಿಲ್ಲ. ಮೂತ್ರಪಿಂಡ ಪೂರ್ತಿ ಮೊದಲಿನಂತಾಗಿಲ್ಲ, ಕೆಲಸ ಸಾಗಿಸುತ್ತಿದೆ. ಆ ಐದು ತಿಂಗಳು ಕೈಗೆ ಸಿಕ್ಕಿದ್ದರೆ ಎಂದು ನನ್ನ ಮಗಳು ಇಂದಿಗೂ ಒಮ್ಮೊಮ್ಮೆ ಅನ್ನುತ್ತಾಳೆ. ಅವನ ಪ್ರಶ್ನೆಗೆ ನಾನು ಕಡೆಗೆ ಹೇಳಿದ್ದು ಇಷ್ಟು: “ಕಾಯಿಲೆ ಹೆಚ್ಚಾಗಿ ಹುಡುಗಿಯರಿಗೆ ಬರತ್ತಪ್ಪ, ಅದು ನಿಜ. ಹುಡುಗಿಯರಿಗೇ ಬರತ್ತೆ ಅನ್ನೋದು ಸುಳ್ಳು.” ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ಆ ಡಾಕ್ಟರಿಗೂ ಇದನ್ನ ಹೇಳು ತಾತ” ಅಂದ. ಅವರಿಗೆ ನೇರವಾಗಿ ಹೇಳಲು ನನಗೆ ಆಗಲಿಲ್ಲ. ಅದಕ್ಕಾಗಿಯೇ ಇದನ್ನು ಬರೆದೆ.