ಚಿಕ್ಕಲ್ಲೂರಿನ ಪಂಕ್ತಿ ಮತ್ತು ಕಲ್ಯಾಣದ ಬಾಗಿಲು

ಬನದ ಹುಣ್ಣಿಮೆ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಹಳ್ಳಿಗಳಿಂದ ನನಗೆ ಬರೋ ಫೋನುಗಳಲ್ಲಿ ಒಂದೇ ಪ್ರಶ್ನೆ: "ಅಣ್ಣ, ಈ ಸಲ ಮರಿ ಬುಟ್ಟಾರಾ?" ಚಿಕ್ಕಲ್ಲೂರು ಜಾತ್ರೆಗೆ ಹೋಗೋ ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ, ಟೆಂಪೋ ಹಿಂದಿನ ಟಾರ್ಪಾಲು ಎತ್ತಿ, ಆಡು ಕುರಿ ಕೋಳಿ ಇದ್ಯಾ ಅಂತ ನೋಡೋದು ಕೆಲವು ವರ್ಷಗಳಿಂದ ಮಾಮೂಲಾಗಿದೆ. ಅದೇ ಹೊತ್ತಿಗೆ ಫೇಸ್‌ಬುಕ್ಕಲ್ಲಿ "ಮೂಢನಂಬಿಕೆ", "ಪ್ರಾಣಿಬಲಿ", "ಇನ್ನೂ ಯಾವ ಕಾಲದಲ್ಲಿದ್ದೀರಿ" ಅನ್ನೋ ಉಪದೇಶವೂ ಶುರುವಾಗುತ್ತೆ. ಉಪದೇಶ ಮಾಡೋರಲ್ಲಿ ನಮ್ಮ ಪ್ರಗತಿಪರ ಗೆಳೆಯರೂ ಇದ್ದಾರೆ. ಈ ಪೋಸ್ಟ್ ಮುಖ್ಯವಾಗಿ ಅವರಿಗೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಚಿಕ್ಕಲ್ಲೂರು ಕೊಳ್ಳೇಗಾಲ ಸೀಮೆಯ ಊರು, ಈಗಿನ ಚಾಮರಾಜನಗರ ಜಿಲ್ಲೆ. ಅಲ್ಲಿರೋದು ಸಿದ್ದಪ್ಪಾಜಿಯ ಗದ್ದುಗೆ. ಪುಷ್ಯ ಮಾಸದ ಹುಣ್ಣಿಮೆಯಿಂದ ಐದು ದಿನ ಜಾತ್ರೆ. ಮೊದಲನೇ ದಿನ ಚಂದ್ರಮಂಡಲ, ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ನಾಲ್ಕನೇ ದಿನ ಪಂಕ್ತಿಸೇವೆ, ಕಡೇ ದಿನ ಮುತ್ತತ್ತಿರಾಯನ ಸೇವೆ. ಗಲಾಟೆ ಎಲ್ಲಾ ನಾಲ್ಕನೇ ದಿನದ್ದು. ಅವತ್ತು ಒಕ್ಕಲುಗಳು ತಮ್ಮ ತಮ್ಮ ಬಿಡಾರದಲ್ಲಿ ಬಾಡೂಟ ಮಾಡಿ, ಸಿದ್ದಪ್ಪಾಜಿಗೆ ಎಡೆ ಇಟ್ಟು, ಸಾಲಾಗಿ ಕೂತು ಉಣ್ತಾರೆ. ಬಂದವರನ್ನೂ ಕೂರಿಸಿ ಉಣ್ಣಿಸ್ತಾರೆ. ಈ ಬಾಡೂಟ ಯಾಕೆ, ಇದಕ್ಕೆ ‘ಪಂಕ್ತಿ’ ಅನ್ನೋ ಹೆಸರು ಯಾಕೆ ಅಂತ ಗೊತ್ತಾಗಬೇಕಾದ್ರೆ ಜಾತ್ರೆಗಿಂತ ಹಿಂದೆ ಹೋಗಬೇಕು, ನೀಲಗಾರರು ರಾತ್ರಿಯಿಡೀ ಹಾಡೋ ಕತೆಗೆ.

ಮಂಟೇಸ್ವಾಮಿ ಕತೆ ಶುರುವಾಗೋದೇ ಕಲ್ಯಾಣದಲ್ಲಿ. ಬಸವಣ್ಣನ ಕಲ್ಯಾಣ, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ದಿನಾ ಉಣ್ಣೋ ಊರು. ಇವರು ನಿಜವಾದ ಶರಣರೋ, ಊಟದ ಶರಣರೋ ನೋಡೇಬಿಡೋಣ ಅಂತ ಧರೆಗೆ ದೊಡ್ಡಯ್ಯ ಹೊರಡ್ತಾನೆ. ಯಾವ ವೇಷದಲ್ಲಿ? ಕಾವಿ ತೊಟ್ಟಲ್ಲ, ಭಸ್ಮ ಬಳಿದಲ್ಲ. ಮೈಯೆಲ್ಲಾ ಹುಣ್ಣು, ಹುಣ್ಣಿನ ಮೇಲೆ ನೊಣ, ಹೆಗಲ ಮೇಲೆ ಸತ್ತ ಕರ, ಗವ್ವನೆ ನಾರುವ ಹೊಲೆಮಾದಿಗರ ರೂಪ. ಬಾಗಿಲು ಕಾಯೋರು ತಡೀತಾರೆ. ಜಾತಿ ಇಲ್ಲ ಅಂತ ಸಾರಿದ ಊರಿನ ಶರಣರೇ ಮೂಗು ಮುಚ್ಕೊಂಡು ಅವನನ್ನು ತಿಪ್ಪೆಗೆ ನೂಕ್ತಾರೆ. ಗುರುತು ಹಿಡಿಯೋರು ಬಸವಣ್ಣ ಮತ್ತು ನೀಲಮ್ಮ ಮಾತ್ರ. ಬಸವಣ್ಣ ತಿಪ್ಪೆ ಹತ್ರ ಬಂದು ಕೈ ಹಿಡಿದು ಎಬ್ಬಿಸೋಕೆ ಹೋದ್ರೆ ಆ ಕೊಳೆತ ಕೈಯೇ ಕಿತ್ತು ಬರುತ್ತೆ. ಆದ್ರೂ ಬಿಡಲ್ಲ, ಹೊತ್ಕೊಂಡು ಒಳಗೆ ತರ್ತಾರೆ.

ಈ ಭಾಗ ಬಂದಾಗ ಹಾಡುಗಾರ ತಂಬೂರಿ ಸ್ವಲ್ಪ ತಗ್ಗಿಸ್ತಾನೆ. ನಮ್ಮ ಕೇರಿಯ ಮುದುಕಿಯರು ಸೆರಗಲ್ಲಿ ಕಣ್ಣೊರಸಿಕೊಳ್ಳೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೀನಿ. ಅವರಿಗೆ ಅದು ಪುರಾಣ ಅಲ್ಲ. ಗೌಡರ ಹಟ್ಟಿ ಮುಂದೆ ದೂರ ನಿಂತು ಸೆರಗೊಡ್ಡಿ ಹಿಟ್ಟು ಇಸ್ಕೊಂಡ ಬದುಕು.

ಇತಿಹಾಸದ ಪ್ರಕಾರ ಕಲ್ಯಾಣದ ಕ್ರಾಂತಿ 12ನೇ ಶತಮಾನದ್ದು. ಮಂಟೇಸ್ವಾಮಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಇಡೋದು 15–16ನೇ ಶತಮಾನದಲ್ಲಿ. ನಡುವೆ ಮುನ್ನೂರು ವರ್ಷದ ಅಂತರ. "ಹಾಗಾದ್ರೆ ಈ ಭೇಟಿ ಸುಳ್ಳಲ್ವಾ?" ಅಂತ ಕೇಳೋರಿದ್ದಾರೆ. ನನ್ನ ಪ್ರಕಾರ ಆ ಪ್ರಶ್ನೆಯೇ ದಂಡ. ಈ ಕತೆ 12ನೇ ಶತಮಾನದಲ್ಲಿ ಏನಾಯ್ತು ಅಂತ ಹೇಳ್ತಾ ಇಲ್ಲ. ಕಲ್ಯಾಣ ಮುಗಿದು, ಶರಣರ ಹೆಸರಲ್ಲಿ ಮಠಗಳೆದ್ದು, ಆ ಮಠಗಳ ಹೊಸ್ತಿಲು ಮತ್ತೆ ಎತ್ತರವಾದ ಮೇಲೆ, ಹೊರಗುಳಿದವರು ಆ ಚಳವಳಿಯನ್ನ ಹೇಗೆ ನೆನಪಿಟ್ಟುಕೊಂಡರು ಅನ್ನೋದನ್ನ ಹೇಳ್ತಾ ಇದೆ. ಅದೂ ಎಷ್ಟು ನ್ಯಾಯವಾಗಿ ನೋಡಿ. ಬಸವಣ್ಣನನ್ನ ಬಿಟ್ಟುಕೊಡಲಿಲ್ಲ, ಅವನ ಸುತ್ತ ಇದ್ದವರನ್ನ ಬಿಡಲೂ ಇಲ್ಲ. ಮಂಟೇಸ್ವಾಮಿಯೇ ಅಲ್ಲಮಪ್ರಭು ಅಂತಲೂ ನೀಲಗಾರರು ಹಾಡ್ತಾರೆ. ಶೂನ್ಯಸಿಂಹಾಸನದ ಅಧ್ಯಕ್ಷನನ್ನ ತಿಪ್ಪೆ ಮೇಲೆ ಕೂರಿಸಿ "ಈಗ ನಮಸ್ಕಾರ ಮಾಡ್ರಪ್ಪ ನೋಡೋಣ" ಅಂದ ಹಾಗೆ. ಎಚ್.ಎಸ್. ಶಿವಪ್ರಕಾಶ್ ಇದನ್ನ ‘ಮಂಟೇಸ್ವಾಮಿ ಕಥಾಪ್ರಸಂಗ’ ಅಂತ ನಾಟಕ ಮಾಡಿದ ಮೇಲೆ ಊರಾಚೆಯ ಓದುಗರಿಗೂ ಗೊತ್ತಾಯ್ತು. ನಮ್ಮ ಅಕ್ಷರ ಬಾರದ ಹಿರಿಯರು ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಈ ವಿಮರ್ಶೆ ಮಾಡಿ ಮುಗಿಸಿದ್ರು.

ಕಲ್ಯಾಣ ಬಿಟ್ಟ ಮಂಟೇಸ್ವಾಮಿ ದಕ್ಷಿಣಕ್ಕೆ ಬರ್ತಾನೆ, ಕಾವೇರಿ ಸೀಮೆಗೆ. ಇಲ್ಲಿಂದ ಕತೆ ನಮ್ಮೂರುಗಳ ಹೆಸರಲ್ಲೇ ನಡೆಯುತ್ತೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಅವನ ಗದ್ದುಗೆ. ಕೆ.ಆರ್. ನಗರದ ಕಡೆ ಕಾವೇರಿ ದಂಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿ, ಚನ್ನಾಜಮ್ಮ. ಅಲ್ಲಿನ ಜಾತ್ರೆ ಶಿವರಾತ್ರಿ ಕಾಲದ್ದು. ಚಿಕ್ಕಲ್ಲೂರಲ್ಲಿ ಸಿದ್ದಪ್ಪಾಜಿ.

ಈ ಸಿದ್ದಪ್ಪಾಜಿ ಯಾರು ಅನ್ನೋದು ಮುಖ್ಯ. ಮದ್ದೂರು ಸೀಮೆಯ ನಿಡುಘಟ್ಟದ ಪಾಂಚಾಳರ ಮನೆ, ಅಂದ್ರೆ ಕಬ್ಬಿಣದ ಕೆಲಸದವರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನ ಶಿಶುಮಗನಾಗಿ ಕೊಡಿ ಅಂತ ಕೇಳ್ತಾನೆ. ಹೆತ್ತವರು ಒಪ್ಪಲ್ಲ, ಯಾವ ತಾಯಿ ಒಪ್ತಾಳೆ? ಕಡೆಗೆ ಕಷ್ಟಕ್ಕೆ ಸಿಕ್ಕಿಸಿ, ಕಾಡಿಸಿ, ಪಡೀತಾನೆ. ಆಮೇಲೆ ಅದೇ ಹುಡುಗನನ್ನ ಹಲಗೂರಿಗೆ ಕಳಿಸ್ತಾನೆ, ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ತಾ ಅಂತ. ಅಂದ್ರೆ ತನ್ನ ಕುಲದವರ ಬಾಗಿಲಿಗೇ ತಿರುಕನಾಗಿ ಹೋಗಬೇಕು. ಅವರು ಕೊಡಲ್ಲ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ತಾರೆ, ಪಾಷಾಣ ಉಣ್ಣಿಸ್ತಾರೆ. ಎಲ್ಲಾ ಗೆದ್ದು ಬಂದ ಮೇಲೇ ಅವನು ಘನನೀಲಿ ಸಿದ್ದಪ್ಪಾಜಿ. ಹಾಡುಗಾರರು ‘ಹಲಗೂರು ಪವಾಡ’ವನ್ನ ಬೆಳಗಿನ ಜಾವದವರೆಗೂ ಎಳೀತಾರೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ವಿವರ.

ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ‘ಸಂಸ್ಕೃತೀಕರಣ’ ಅನ್ನೋ ಮಾತು ಕೊಟ್ರು: ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು, ಮಾಂಸ ಬಿಟ್ಟು, ಮೇಲೆ ಹೋಗೋ ದಾರಿ. ಮಂಟೇಸ್ವಾಮಿ ಕತೆಯಲ್ಲಿ ದಾರಿ ಉಲ್ಟಾ. ಇಲ್ಲಿ ದೊಡ್ಡವನಾಗಬೇಕು ಅಂದ್ರೆ ಕೆಳಕ್ಕಿಳೀಬೇಕು. ಪರಂಜ್ಯೋತಿ ಹೊಲೆಮಾದಿಗನಾಗ್ತಾನೆ, ಕುಲುಮೆ ಮನೆಯ ಮಗ ತಿರುಕನಾಗ್ತಾನೆ, ಬಸವಣ್ಣ ತಿಪ್ಪೆಗೆ ಬರ್ತಾನೆ. ಬ್ರಾಹ್ಮಣ ಆಗೋಕೆ ಯಾರೂ ಹೊರಡಲ್ಲ.

ಈಗ ಮುಡಿಸೇವೆ ನೋಡಿ. ಅವತ್ತು ಹೊಸ ನೀಲಗಾರರಿಗೆ ದೀಕ್ಷೆ. ನೀಲಗಾರರಲ್ಲಿ ಹೆಚ್ಚಿನವರು ನಮ್ಮ ಕೇರಿಯವರು. ಆದರೆ ಯಾವ ಕುಲದವನಾದರೂ ನೀಲಗಾರ ಆಗಬಹುದು. ಮನೆಗೊಬ್ಬ ಮಗನನ್ನ ಬಿಡೋ ಹರಕೆ ಇಂದಿಗೂ ಇದೆ. ಕೈಗೆ ತಂಬೂರಿ, ಗಗ್ಗರ, ಜೊತೆಗೆ ಡಿಕ್ಕಿ, ದಮ್ಮಡಿ. ವೇದ ಕೇಳಿದರೆ ಕಿವಿಗೆ ಕಾದ ಸೀಸ ಅಂತ ಬರೆದಿಟ್ಟ ದೇಶದಲ್ಲಿ ಒಂದು ಮಹಾಕಾವ್ಯಕ್ಕೆ ವಾರಸುದಾರರಾಗಿ ಈ ಜನ ಇದ್ದಾರೆ. ಜೊತೆಗೆ ಮನೆಮನೆಯ ಕಂಡಾಯ. ಗುಡಿಯೊಳಗಿನ ಮೂರ್ತಿಯನ್ನ ಮುಟ್ಟೋಕೆ ನಮಗೆ ಬಿಡದ ಕಾಲದಲ್ಲೂ ಕಂಡಾಯ ನಮ್ಮ ಹಟ್ಟಿಯೊಳಗೇ ಇತ್ತು, ನಮ್ಮ ಹೆಗಲ ಮೇಲೇ ಜಾತ್ರೆಗೆ ಹೋಗ್ತಿತ್ತು.

ಮೊದಲ ರಾತ್ರಿಯ ಚಂದ್ರಮಂಡಲದಲ್ಲೂ ಇದೇ ಲೆಕ್ಕ. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಎಣ್ಣೆ ಪಂಜು ಇಟ್ಟು ಹಚ್ಚುವ ಜ್ಯೋತಿ ಅದು. ಉರಿ ಯಾವ ದಿಕ್ಕಿಗೆ ಜೋರೋ ಆ ಕಡೆ ಮಳೆ ಬೆಳೆ ಚೆಂದ ಅನ್ನೋ ನಂಬಿಕೆ. ತೆಳ್ಳನೂರು, ಬಾಣೂರು, ಶಾಗ್ಯ, ಇಕ್ಕಡಹಳ್ಳಿ, ಕೊತ್ತನೂರು ಮುಂತಾದ ಸುತ್ತಲ ಏಳೂರಿನವರು ಕೈಹಾಕದೆ ಅದು ಏಳಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1956ರ ಏಕೀಕರಣದವರೆಗೂ ಕೊಳ್ಳೇಗಾಲ ತಾಲ್ಲೂಕು ಇದ್ದದ್ದು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿ. ಬೊಪ್ಪೇಗೌಡನಪುರ ಮೈಸೂರು ಮಹಾರಾಜರ ಸೀಮೆ. ಗುರು ಒಂದು ಸರ್ಕಾರದಲ್ಲಿ, ಶಿಷ್ಯ ಇನ್ನೊಂದು ಸರ್ಕಾರದಲ್ಲಿ! ಕಂಡಾಯ ಹೊತ್ತ ನೀಲಗಾರರಿಗೆ ಆ ಗಡಿ ಯಾವ ಲೆಕ್ಕಕ್ಕೂ ಇರಲಿಲ್ಲ.

ಈಗ ಬಾಡಿನ ವಿಚಾರ. 1959ರ ಕರ್ನಾಟಕ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆ ಕೇಳೋದು ಒಂದು ಪ್ರಶ್ನೆ: ದೇವರನ್ನ ಒಲಿಸೋದಕ್ಕೆ ಅಂತ ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ ಪ್ರಾಣಿ ಕೊಂದ್ರಾ? ಮಾಂಸ ಬೇಯಿಸಿ ತಿನ್ನೋದನ್ನ ಅದು ಅಪರಾಧ ಅನ್ನಲ್ಲ. ಜನ ಹೇಳೋದೂ ಅದನ್ನೇ: ಗದ್ದುಗೆ ಮುಂದೆ ಕಡಿಯಲ್ಲ, ರಕ್ತ ಎರೆಯಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಎಡೆ ಇಟ್ಟು ಉಣ್ತೀವಿ, ಇದು ಸೇವೆ, ಬಲಿ ಅಲ್ಲ. ಆವರಣ ಎಲ್ಲಿಗೆ ಮುಗಿಯುತ್ತೆ, ಬಿಡಾರ ಎಲ್ಲಿಂದ ಶುರು ಅನ್ನೋ ವಾದ ಕೋರ್ಟಿನವರೆಗೂ ಹೋಗಿದೆ, ಅಲ್ಲಿ ನಡೀಲಿ. ನಾನೇನೂ ಕೋಣ ಕಡಿಯೋ ಆಚರಣೆಗಳ ವಕೀಲ ಅಲ್ಲ. ಬಾಬಾಸಾಹೇಬರನ್ನ ಓದಿದೋನು, ದೇವರ ಹೆಸರಲ್ಲಿ ಹರಕೆ ಸಾಲ ಮಾಡಿ ಮುಳುಗಿದ ಮನೆಗಳನ್ನ ಕಂಡೋನು.

ನನ್ನ ತಕರಾರು ಬೇರೆ. ‘ಪಂಕ್ತಿ’ ಅನ್ನೋ ಪದ ಯಾರದು? ಗುಡಿಯ ಊಟದ ಸಾಲಲ್ಲಿ ಬ್ರಾಹ್ಮಣರಿಗೆ ಒಂದು ಕಡೆ, ಉಳಿದವರಿಗೆ ಇನ್ನೊಂದು ಕಡೆ, ನಮಗೆ ಹೊರಗಡೆ ಅಂತ ಮಾಡಿದ ವ್ಯವಸ್ಥೆಯ ಪದ ಅದು. ಪಂಕ್ತಿಭೇದ ಅನ್ನೋದು ಅಲ್ಲಿಂದಲೇ ಬಂದದ್ದು. ಉಂಡೆಲೆ ಮೇಲೆ ಹೊರಳೋ ಮಡೆಸ್ನಾನವನ್ನ ವರ್ಷಗಟ್ಟಲೆ "ಭಕ್ತರ ನಂಬಿಕೆ" ಅಂತ ಸಮರ್ಥಿಸಿದವರ ಕೈಯಲ್ಲಿದ್ದ ಪದವನ್ನ ನಮ್ಮೋರು ಕಿತ್ತುಕೊಂಡು, ಬಾಡಿನ ಊಟಕ್ಕೆ ಇಟ್ರು. ಕಲ್ಯಾಣದ ಬಾಗಿಲಲ್ಲಿ ಸತ್ತ ಕರ ಹೊತ್ತು ನಿಂತೋನು ಕೇಳಿದ್ದೂ ಇದನ್ನೇ ತಾನೆ: ನನ್ನ ವಾಸನೆ ಸಮೇತ ನನ್ನ ಪಕ್ಕ ಕೂತು ಉಣ್ತೀಯಾ? "ಸೊಪ್ಪು ಸಾರು ಮಾಡ್ಕೊಂಡು ಪಂಕ್ತಿಸೇವೆ ಮಾಡಿ, ಯಾರು ಬೇಡ ಅಂತಾರೆ?" ಅನ್ನೋರಿಗೆ ಈ ಕತೆ ಗೊತ್ತಿಲ್ಲ. ಸ್ನಾನ ಮಾಡಿ, ಹುಣ್ಣು ಒರೆಸಿಕೊಂಡು, ಕರ ಕೆಳಗಿಟ್ಟು ಬಾ, ಒಳಗೆ ಬಿಡ್ತೀವಿ ಅಂತಲೇ ಕಲ್ಯಾಣದ ಬಾಗಿಲವರೂ ಹೇಳಿರ್ತಾರೆ.

ಹಾಗಂತ ಚಿಕ್ಕಲ್ಲೂರು ಸಮಾನತೆಯ ಸ್ವರ್ಗ ಅಂತ ನಾನು ಬರೆಯಲ್ಲ. ಹಾಡೋರು ನಾವು, ಆದರೆ ಬೊಪ್ಪೇಗೌಡನಪುರದ ಮಠದ ಪೀಠ ಇರೋದು ಅರಸು ಮನೆತನದ ಕೈಯಲ್ಲಿ. ದಲಿತ, ಕುರುಬ, ಉಪ್ಪಾರ, ಬೆಸ್ತ, ಒಕ್ಕಲಿಗ, ಎಲ್ಲರ ಬಿಡಾರವೂ ಅಲ್ಲಿವೆ. ಆದರೂ ನಾನು ಕಂಡ ಹಾಗೆ ಬಹಳಷ್ಟು ಬಿಡಾರಗಳಲ್ಲಿ ಸಾಲಲ್ಲಿ ಕೂರೋದು ನೆಂಟರಿಷ್ಟರೇ. ಪಕ್ಕದ ಬಿಡಾರದವರು ಕರೆದಾಗ ನಮ್ಮೋರು ಹೋಗ್ತಾರೆ, ನಮ್ಮ ಬಿಡಾರಕ್ಕೆ ಕರೆದರೆ "ಆಮೇಲೆ ಬತ್ತೀವಿ" ಅನ್ನೋರು ಇನ್ನೂ ಇದ್ದಾರೆ. ಐದು ದಿನ ಒಟ್ಟಿಗೆ ಇದ್ದೋರು ಊರಿಗೆ ಬಂದ ಮೇಲೆ ಹೋಟೆಲಲ್ಲಿ ಬೇರೆ ಲೋಟ ಕೊಟ್ಟ ಕಾಲವನ್ನ ನನ್ನಪ್ಪ ಕಂಡಿದ್ರು. ಸಹಭೋಜನದಿಂದ ಜಾತಿ ಸತ್ತಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬರೆದಿಟ್ಟಿದ್ದಾರೆ, ಅವರು ಹೇಳಿದ ಮದ್ದು ಅಂತರ್ಜಾತಿ ಮದುವೆ. ಆದರೆ ಅದನ್ನ ಹೇಳೋ ಹಕ್ಕು ಪಂಕ್ತಿಯಲ್ಲಿ ಕೂತು ಉಂಡೋರಿಗಿದೆ. ಟಾರ್ಪಾಲು ಎತ್ತಿ ನೋಡೋರಿಗಿಲ್ಲ.

ಒಂದು ಕೆಲಸ ಮಾಡೋಣ. ಹಾಡೋ ಹಿರಿಯ ನೀಲಗಾರರು ಒಬ್ಬೊಬ್ಬರೇ ಹೋಗ್ತಾ ಇದ್ದಾರೆ, ಅವರ ಜೊತೆ ಒಂದೊಂದು ಊರಿನ ಪಾಠವೂ ಹೋಗ್ತಾ ಇದೆ. ನಿಮ್ಮ ಕೇರಿಯಲ್ಲಿ ಹಾಡೋರಿದ್ರೆ ಮೊಬೈಲಲ್ಲಾದ್ರೂ ರೆಕಾರ್ಡ್ ಮಾಡಿ, ಅವರಿಗೆ ಸಂಭಾವನೆ ಕೊಟ್ಟು. ಜೊತೆಗೆ ನಿಮ್ಮ ಮನೇಲಿ ಯಾವ ಕಾಲದಿಂದ ಚಿಕ್ಕಲ್ಲೂರಿಗೆ ಹೋಗ್ತಾರೆ, ಗಾಡಿ ಕಟ್ಟಿ ಹೋಗ್ತಿದ್ದಾಗ ಎಲ್ಲಿ ತಂಗ್ತಿದ್ರು, ಬಿಡಾರ ಯಾವ ಮರದಡಿ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರ್ತಿದ್ರು, ಯಾರು ಕೂರ್ತಿರಲಿಲ್ಲ ಅಂತ ತಾತ ಅಜ್ಜಿಯರನ್ನ ಕೇಳಿ ಕೆಳಗೆ ಬರೀರಿ. ಜಾತಿ ಹೆಸರು ಮರೆಸಬೇಡಿ, ಇದ್ದದ್ದು ಇದ್ದ ಹಾಗೇ ಬರೀರಿ.

ಜೈಭೀಮ್.