ಬಿಸಿಲೂರಿನ ಮನೆಯೊಳಗೆ ಬಾಡದ ಗಿಡಗಳು

ಹುಮನಾಬಾದ್: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೀದರ್ ಜಿಲ್ಲೆಯಲ್ಲಿ ನೀರು ಉಳಿಸಬಯಸುವ ಮನೆಗಳಿಗೆ ಲೋಳೆಸರ, ಸ್ನೇಕ್ ಪ್ಲಾಂಟ್ ಹಾಗೂ ಝಡ್‌ಝಡ್ ಗಿಡಗಳು ಸೂಕ್ತ. ಲೋಳೆಸರವು ಎಲೆಗಳಲ್ಲಿಯೂ, ಉಳಿದೆರಡು ಎಲೆ ಮತ್ತು ನೆಲದಡಿಯ ಗಡ್ಡೆಗಳಲ್ಲಿಯೂ ನೀರು ಸಂಗ್ರಹಿಸಿಕೊಳ್ಳುತ್ತವೆ.

ಇವು ಸಾಮಾನ್ಯವಾಗಿ ಸಾಯುವುದು ನೀರಿಲ್ಲದೆ ಅಲ್ಲ, ಅತಿಯಾದ ನೀರಿನಿಂದ ಬೇರು ಕೊಳೆತು. ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಅದನ್ನಷ್ಟೇ ಕುಂಡಕ್ಕೆ ತುಂಬಬಾರದು. ಮರಳು, ಇಟ್ಟಿಗೆ ಚೂರು ಬೆರೆಸಬೇಕು. ಕುಂಡದ ತಳದಲ್ಲಿ ರಂಧ್ರವಿರಬೇಕು. ಮಣ್ಣು ಪೂರ್ಣ ಒಣಗಿದ ನಂತರವೇ ನೀರುಣಿಸಬೇಕು. ಮಳೆಗಾಲದಲ್ಲಿ ಇನ್ನೂ ಕಡಿಮೆ ಸಾಕು. ಲೋಳೆಸರಕ್ಕೆ ಕಿಟಕಿಯ ಬೆಳಕು ಅಗತ್ಯ.

ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಗಳ ತಾಣವಾಗುವುದರಿಂದ ಅದನ್ನು ಆಗಾಗ ಚೆಲ್ಲಬೇಕು. ಝಡ್‌ಝಡ್ ಹಾಗೂ ಸ್ನೇಕ್ ಪ್ಲಾಂಟ್ ಎಲೆಗಳನ್ನು ಅಗಿದರೆ ಬಾಯಿಯುರಿ, ವಾಂತಿ ಉಂಟಾಗಬಹುದು. ಮಕ್ಕಳು ಹಾಗೂ ಸಾಕುಪ್ರಾಣಿಗಳಿಗೆ ಎಟುಕದಂತೆ ಇಡುವುದು ಒಳಿತು.