ತುಲೆಯನ್ನು ತೂಗುವ ಬಗೆ

ತೂಗುವ ತ್ರಾಸು ಸರಿಯೆಂದು ತಿಳಿಯುವುದೆಂತು? ಗೌತಮ ಮಹರ್ಷಿಯ ನ್ಯಾಯಸೂತ್ರದಲ್ಲಿ ತುಲೆಯ ದೃಷ್ಟಾಂತವಿದೆ. ವಾತ್ಸ್ಯಾಯನನ ಭಾಷ್ಯವು ಅದನ್ನು ಹೀಗೆ ಬಿಡಿಸುತ್ತದೆ: ಚಿನ್ನವನ್ನು ತೂಗುವಾಗ ಪ್ರಮಾಣವಾಗಿರುವ ತುಲೆಯು, ತೂಕ ತಿಳಿದ ಚಿನ್ನದಿಂದ ಪರೀಕ್ಷಿತವಾಗುವಾಗ ತಾನೇ ಪ್ರಮೇಯವಾಗುವುದು.

ಈ ಪುರಾತನ ವಿಚಾರವು ಬೆಂಗಳೂರಿನ ಹೊರವಲಯದಲ್ಲಿಯೇ ಹೊಸ ರೂಪದಿಂದ ಕಾಣಿಸಿಕೊಂಡಿದೆ. ಪೀಣ್ಯದ ಕಾರ್ಖಾನೆಗಳ ನಡುವೆ ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವಿರುವುದು ಅನೇಕ ವಾಚಕರಿಗೆ ವಿದಿತವೇ ಆಗಿದೆ. ಅದರ ಅಧೀನದ ಬ್ಯಾಲಾಳು ನಿಲ್ದಾಣದಲ್ಲಿ 32 ಮೀಟರು ವ್ಯಾಸದ ಆಂಟೆನಾ ಸಿದ್ಧವಾದುದು 2008ರಲ್ಲಿ. ಅದೇ ವರ್ಷದ ಅಕ್ಟೋಬರ್ 22ರಂದು ಮೊದಲನೆಯ ಚಂದ್ರಯಾನವು ಹೊರಟಿತು. ಸುಮಾರು 3.6 ಸೆಂಟಿಮೀಟರು ತರಂಗಾಂತರದಲ್ಲಿ ಇಂತಹ ಆಂಟೆನಾದ ದೃಷ್ಟಿಯ ಅಗಲವು ಚಂದ್ರಬಿಂಬದ ಆರೇಳರಲ್ಲೊಂದು ಭಾಗ ಮಾತ್ರ. ಎಳ್ಳಷ್ಟು ಓರೆಯಾದರೂ ನೌಕೆಯ ಕ್ಷೀಣಧ್ವನಿಯು ಕೈತಪ್ಪುವುದು.

ದೂರದ ಎತ್ತರದಲ್ಲಿ ಪ್ರೇಷಕವನ್ನಿಟ್ಟು ಆಂಟೆನಾವನ್ನು ಪರೀಕ್ಷಿಸುವುದು ಹಿಂದಿನಿಂದ ಬಂದ ಕ್ರಮ. ಆದರೆ ಅಲೆಯು ಬಹುಮಟ್ಟಿಗೆ ಸಮತಲವಾಗಿ ಬಂದು ಮುಟ್ಟಬೇಕಾದರೆ, ವ್ಯಾಸದ ವರ್ಗವನ್ನು ಇಮ್ಮಡಿಸಿ ತರಂಗಾಂತರದಿಂದ ಭಾಗಿಸಿದಷ್ಟು ದೂರ ಬೇಕು. ಮೇಲಿನ ಆಂಟೆನಾಕ್ಕೆ ಅದು ಸುಮಾರು 57 ಕಿಲೋಮೀಟರು. ಹೆಚ್ಚುಕಡಮೆ ಪೀಣ್ಯದಿಂದ ತುಮಕೂರಿನಷ್ಟು! ಆದುದರಿಂದ ಇಂತಹ ಮಹಾಯಂತ್ರಗಳಿಗೆ, ಬಲವು ಮೊದಲೇ ತಿಳಿದಿರುವ ಆಕಾಶದ ರೇಡಿಯೋ ಮೂಲಗಳೇ ಒರೆಗಲ್ಲು.

ಉಪಗ್ರಹಗಳು ಹೊರುವ ಚಿಕ್ಕ ಆಂಟೆನಾಗಳಿಗೆ ಮತ್ತೊಂದು ಮಾರ್ಗವುಂಟು. ಅದೇ ಸಮೀಪಕ್ಷೇತ್ರದ ಅಳತೆ. ಆಂಟೆನಾದಿಂದ ಕೆಲವೇ ತರಂಗಾಂತರಗಳ ದೂರದಲ್ಲಿ ಸಣ್ಣ ಶೋಧಕವೊಂದನ್ನು ಬಿಂದುಬಿಂದುವಾಗಿ ಸರಿಸಿ, ಅಲೆಯ ಬಲವನ್ನೂ ಏರಿಳಿತದ ಸ್ಥಿತಿಯನ್ನೂ ಗುರುತಿಸಿಕೊಂಡು, ಬಹುದೂರದಲ್ಲಿ ಅದು ತಾಳುವ ರೂಪವನ್ನು ಗಣಿತದಿಂದ ಪಡೆಯುವರು. ಅಲೆಯ ಮುಖದ ಪ್ರತಿಯೊಂದು ಬಿಂದುವೂ ಹೊಸ ಅಲೆಗೆ ಮೂಲವೆಂಬ ತತ್ತ್ವವನ್ನು ಹಾಲೆಂಡಿನ ಹೈಗೆನ್ಸನು 1690ರಲ್ಲಿ ಪ್ರಕಟಿಸಿದನು. ಬೇಕಾದ ಗಣಿತವು ಫ್ರಾನ್ಸಿನ ಫೂರಿಯೆಯ 1822ರ ಗ್ರಂಥದಿಂದ ಹೊರಟಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಡೇವಿಡ್ ಕೆರ್ನ್ಸರು ಈ ಶಾಸ್ತ್ರವನ್ನು ಬೆಳೆಸಿ 1981ರಲ್ಲಿ ಗ್ರಂಥರೂಪಕ್ಕೆ ತಂದರು. ಅಳೆಯುವ ಶೋಧಕಕ್ಕೂ ತನ್ನದೇ ಗುಣದೋಷಗಳಿರುವುದರಿಂದ ಅವನ್ನೂ ಲೆಕ್ಕಕ್ಕೆ ಸೇರಿಸಿದುದು ಅವರ ವಿಧಾನದ ವಿಶೇಷ. ಅಲ್ಲಿಯೂ ತುಲೆಯನ್ನು ಮೊದಲು ತೂಗಲೇಬೇಕು.

2023ರ ಆಗಸ್ಟ್ 23ರಂದು ಮೂರನೆಯ ಚಂದ್ರಯಾನವು ಚಂದ್ರನ ನೆಲವನ್ನು ಮುಟ್ಟಿತೆಂಬ ವಾರ್ತೆಯು ಇಸ್ಟ್ರಾಕ್ ಕೇಂದ್ರದಿಂದ ಹೊರಟಾಗ ದೇಶವೇ ಅದನ್ನು ನಂಬಿತು. ಅಲ್ಲಿಗೆ ಹೋಗಿ ನೋಡಿ ಬಂದವರಾರೂ ಇರಲಿಲ್ಲ. ಸಾಕ್ಷಿಯೆಂದರೆ ಯಂತ್ರಗಳು ಕೇಳಿದ ದನಿಯೊಂದೇ. ಪ್ರಮಾಣವನ್ನೇ ಪ್ರಮೇಯವಾಗಿಸಿ ಶೋಧಿಸಿದವರ ಶ್ರಮವು ಆ ನಂಬಿಕೆಗೆ ಆಧಾರವಾಯಿತು.